ಬ್ರಿಟನ್ ಪ್ರಧಾನಿಯನ್ನು ಉಳಿಸಹೋಗಿ ನಾನು ಮುಳುಗಿದ್ದು

ತಪ್ಪು ನನ್ನದೇ. ಅಮೆರಿಕದ ಸಾಂಟಾ ಕ್ಲಾರಾದ ನಮ್ಮ ಕನ್ನಡ ಬಳಗದ ಅಣಕು ಸಂಸತ್ತಿನಲ್ಲಿ ಬ್ರಿಟನ್ ಪ್ರಧಾನಿಯ ಪಾತ್ರವನ್ನು ಹಟ ಹಿಡಿದು ಪಡೆದವನು ನಾನು. ಆ ಮಹಾಶಯರು ಸದ್ಯ ಅವರ ದೇಶದಲ್ಲಿ ಯಾರಿಗೂ ಬೇಡವಂತೆ. ಹೋದ ಬೆಂಬಲ ಮತ್ತೆ ಬರುತ್ತದೆಯೇ ಎಂದು ಟಿವಿ ಪಂಡಿತರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದರು. "ಹತ್ತು ನಿಮಿಷ ಕೊಡಿ, ನಾನು ತಂದ್ಕೊಡ್ತೀನಿ" ಎಂದೆ. ಅಷ್ಟಕ್ಕೇ ಸುಮ್ಮನಿರಬಾರದೆ? ಸಭಿಕರು ಕೈಯೆತ್ತಿ ವಿಶ್ವಾಸಮತ ಕೊಡದಿದ್ದರೆ, ಮೂರು ವರ್ಷದಿಂದ ನಾನೇ ಹಿಡಿದಿದ್ದ ದೀಪಾವಳಿ ನಿರೂಪಣೆಯ ಮೈಕನ್ನು ಮೂರ್ತಿ ಅಂಕಲ್‌ಗೆ ಒಪ್ಪಿಸುತ್ತೇನೆಂದೂ ಘೋಷಿಸಿದೆ. ಮೂರ್ತಿ ಅಂಕಲ್ ಬಳಗದ ಮಾಜಿ ಅಧ್ಯಕ್ಷರು. ಅವರು ಸ್ವಾಗತ ಭಾಷಣ ಶುರು ಮಾಡಿದಾಗ ತೊಟ್ಟಿಲಲ್ಲಿದ್ದ ಮಗು, ಮುಗಿಸುವಷ್ಟರಲ್ಲಿ ಡೇಕೇರ್ ಸೇರಿರುತ್ತದೆ.

ಭಾನುವಾರ, ಊಟಕ್ಕೆ ಮುಂಚೆ, ಟೈ ಬಿಗಿದು ವೇದಿಕೆ ಹತ್ತಿದೆ. ಚಪ್ಪಾಳೆ! ಗೆದ್ದೆ ಎಂದುಕೊಂಡೆ.

ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. "ಪ್ರಧಾನಿಗಳೇ, ಪ್ರೋಗ್ರಾಮು ಒಂದು ಗಂಟೆ ಲೇಟು ಯಾಕೆ?"

ಪ್ರಧಾನಿಗಳ ವಾಡಿಕೆಯಂತೆ ಉತ್ತರಿಸಿದೆ. "ಇದೆಲ್ಲ ಹಿಂದಿನ ಸರ್ಕಾರ ಬಿಟ್ಟುಹೋದ ಗೋಳು!"

ಹಿಂದಿನ ಸರ್ಕಾರ ಮುಂದಿನ ಸಾಲಿನಲ್ಲೇ ಕೂತಿತ್ತು. "ನನ್ನ ಕಾಲದಲ್ಲಿ ಹತ್ತು ಗಂಟೆ ಅಂದ್ರೆ ಹತ್ತು ಗಂಟೆ ಕಣಯ್ಯಾ!" ಮೂರ್ತಿ ಅಂಕಲ್ ಎದ್ದು ನಿಂತರು. ಎರಡು ಸಾಲು ಮತ ಅಲ್ಲೇ ಹೋಯಿತು.

ಇಂಥ ಹೊತ್ತಿನಲ್ಲಿ ಪ್ರಧಾನಿಗಳು ಸಂಪುಟ ಪುನಾರಚನೆ ಮಾಡುತ್ತಾರೆ. ನಾನೂ ಮಾಡಿದೆ. "ಆಹಾರ ಸಚಿವೆ ಸರೋಜಾ ಆಂಟಿಯವರನ್ನು ಈ ಕ್ಷಣದಿಂದ ವಜಾ ಮಾಡಲಾಗಿದೆ!" ಜೊತೆಗೆ, ಬಳಗದ ಅಡುಗೆ ಉಸ್ತುವಾರಿಯಾದ ಅವರು ಸೊಂಟದ ಮೇಲೆ ಕೈಯಿಟ್ಟು ಸೌಟು ಆಡಿಸುತ್ತಾ "ಲೈನಲ್ಲಿ ಬನ್ರೀ, ಲೈನಲ್ಲಿ" ಎನ್ನುವುದನ್ನೂ ಮಾಡಿ ತೋರಿಸಿದೆ. ಭಾರೀ ನಗು.

ಸರೋಜಾ ಆಂಟಿ ನಗಲಿಲ್ಲ. ಬೆಳಗಿನ ಐದಕ್ಕೆದ್ದು ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡಿದ್ದ ಅವರು ಏಪ್ರನ್ ಬಿಚ್ಚಿ ಮಡಿಸಿಟ್ಟು, "ಸರಿ, ಹೊಸ ಮಂತ್ರಿನೇ ಬಡಿಸ್ಲಿ" ಎಂದು ಕುರ್ಚಿಯಲ್ಲಿ ಕೂತೇಬಿಟ್ಟರು. ಬಡಿಸಲು ನಿಂತಿದ್ದವರೆಲ್ಲ ಅವರ ಪಕ್ಕದಲ್ಲಿ ಕೂತರು. ಊಟ ಬಂದ್!

ನೂರು ಜನ ಖಾಲಿ ತಟ್ಟೆ ಹಿಡಿದು ನನ್ನನ್ನೇ ನೋಡಿದರು.

"ಆದೇಶ ವಾಪಸ್!" ಎಂದೆ.

"ವಾಪಸ್ ತಗೊಳ್ಳೋ ಹಾಗಿದ್ರೆ ಯಾಕೆ ಹೊರಡಿಸ್ಬೇಕಿತ್ತು?" ಎಂದು ಕೂಗಿದ್ದು ವಿರೋಧ ಪಕ್ಷವಲ್ಲ. ನನ್ನ ಧರ್ಮಪತ್ನಿ ದಿವ್ಯಾ.

ಮತಕ್ಕೆ ಹಾಕಿದರು. ನನ್ನ ಪರವಾಗಿ ಎದ್ದ ಕೈ ಒಂದೇ. ಅದು ನನ್ನದು. ದಿವ್ಯಾ ಕೈ ಕಟ್ಟಿಕೊಂಡು ಸೀಲಿಂಗು ನೋಡುತ್ತಿದ್ದಳು. ಯಾರಿಗೂ ಬೇಡದ ಪ್ರಧಾನಿ! ಜೀವಮಾನದಲ್ಲಿ ಇಷ್ಟು ತದ್ರೂಪು ಮಿಮಿಕ್ರಿ ನಾನು ಮಾಡಿದ್ದೇ ಇಲ್ಲ!

ಮೈಕನ್ನು ಮೂರ್ತಿ ಅಂಕಲ್ ಕೈಗಿಟ್ಟು, ಸುಸ್ತಾಗಿ, ಸರೋಜಾ ಆಂಟಿಯ ಮುಂದೆ ನಿಂತು ಕ್ಷಮೆ ಕೇಳಿದೆ. ಅವರು ಎದ್ದು ಏಪ್ರನ್ ಕಟ್ಟಿಕೊಂಡರು. ನನಗೆ ಆಸೆ ಚಿಗುರಿತು.

"ಆಂಟಿ, ಎಂಥ ಪ್ರಧಾನಿಗೂ ಜನ ಮತ್ತೆ ಒಲೀಬಹುದಂತೆ. ದೀಪಾವಳಿಗೆ ನನಗೂ ಇನ್ನೊಂದು ಚಾನ್ಸು..."

ಆಂಟಿ ನನ್ನ ತಟ್ಟೆಗೆ ಅರ್ಧ ಸೌಟು ಹಾಕಿದರು. "ಅವ್ರಿಗೆ ಮುಂದಿನ ಎಲೆಕ್ಷನ್ ತನಕ ಟೈಮಿದೆ ಕಣಪ್ಪಾ. ನಿನಗಿದ್ದಿದ್ದು ಊಟದ ತನಕ."