ಹೊಸ್ತಿಲಲ್ಲಿ ಬಿದ್ದ ಸಿಪಾಯಿ

ಮಗುವಿಗೆ ಹೆಸರಿಡುವ ಕೆಲಸವನ್ನು ತೊಟ್ಟಿಲ ದಿನವೇ ಮುಗಿಸಿಬಿಡಬಾರದು, ಅದು ಬೆಳೆದು ಒಂದು ಬೀದಿನಾಯಿಯನ್ನಾದರೂ ಎದುರಿಗೆ ಕಾಣುವವರೆಗೆ ಕಾಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಮನೆಯವರು ಕಾಯಲಿಲ್ಲ. ವೀರಭದ್ರಪ್ಪ ಎಂದು ಕಿವಿಯಲ್ಲಿ ಕೂಗಿಬಿಟ್ಟರು. ದಕ್ಷನ ಯಜ್ಞವನ್ನೇ ಹಾಳುಗೆಡವಿದ ದೇವರ ಹೆಸರು ಹೊತ್ತ ನಾನು, ಬಸ್ಸಿನ ಕಂಡಕ್ಟರು "ಚಿಲ್ರ ಐತೇನು?" ಎಂದು ಕೇಳಿದರೆ ಬೆವರುತ್ತೇನೆ. ಭತ್ತದ ಹುಲ್ಲು ಹೇರಿಕೊಂಡು ಓಲಾಡುತ್ತ ಬರುವ ಟ್ರ್ಯಾಕ್ಟರು ಕಂಡರೆ ಚರಂಡಿ ದಾಟಿ ಆಚೆ ನಿಲ್ಲುತ್ತೇನೆ. ಹಲ್ಲಿಗೆ ಹೆದರುವುದಿಲ್ಲ ಎಂದು ಮಾತ್ರ ಎದೆ ತಟ್ಟಿ ಹೇಳಬಲ್ಲೆ. ಅದೂ ಗೋಡೆಯ ಮೇಲಿನ ಹಲ್ಲಿಯಲ್ಲ, ಬಾಯೊಳಗಿನ ಹಲ್ಲು. ಏಕೆಂದರೆ ಅದು ನನ್ನ ಕಸುಬು.

ಸಿಂಧನೂರಿನಲ್ಲಿ ಹಲ್ಲಿನ ಸೆಟ್ಟು ಮಾಡಿ ಕೊಡುವವನು ನಾನು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ವಸಡು ಕಟ್ಟಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಮಾಡುತ್ತೇನೆ. ಮಸ್ಕಿ, ಲಿಂಗಸುಗೂರಿನ ದವಾಖಾನೆಗಳಿಗೂ ಬಸ್ಸಿನಲ್ಲಿ ನಾನೇ ಒಯ್ದು ಮುಟ್ಟಿಸುತ್ತೇನೆ. ಒಮ್ಮೆ ಮೊಬೈಲಿನಲ್ಲಿ ಅಚ್ಚು ಎರೆಯುವ ಹೊಸ ವಿಧಾನ ನೋಡುತ್ತಿದ್ದಾಗ ಅದರ ಬೆನ್ನಿಗೇ ಇನ್ನೊಂದು ವಿಡಿಯೋ ಬಂತು. ಯಾವುದೋ ಪರದೇಶದಲ್ಲಿ ಗಡ್ಡ ನೆರೆತ ಗಂಡಸರು ದೊಡ್ಡ ಮೇಜಿನ ಸುತ್ತ ನಿಂತಿದ್ದರು. ಹೆಬ್ಬೆರಳುದ್ದದ ಸಿಪಾಯಿಗಳನ್ನು ಸಾಲುಗಟ್ಟಿ ಇಟ್ಟು, ಟೇಪು ಹಿಡಿದು ಅಳೆದು ಮುಂದೆ ಸರಿಸಿ, ದಾಳ ಉರುಳಿಸಿ, ಯಾರು ಉಳಿದರು ಯಾರು ಸತ್ತರು ಎಂದು ತೀರ್ಮಾನಿಸುತ್ತಿದ್ದರು. ಮೇಜಿನ ಮೇಲೆ ಬೆಟ್ಟ, ಹಳ್ಳ, ಕೋಟೆ ಎಲ್ಲ ಇದ್ದವು. ರಕ್ತವೊಂದು ಇರಲಿಲ್ಲ. ಜೀವನದಲ್ಲಿ ಮೊದಲ ಸಲ ನನಗೆ ಯುದ್ಧಕ್ಕೆ ಹೋಗಬೇಕೆನಿಸಿತು.

ಸಿಪಾಯಿಗಳನ್ನು ತರಿಸಬೇಕಾದ ಅಗತ್ಯವೇ ಬೀಳಲಿಲ್ಲ. ಅಚ್ಚು, ಅರ, ಕೂದಲೆಳೆಯಂಥ ಕುಂಚ ಎಲ್ಲವೂ ನನ್ನ ಮೇಜಿನ ಮೇಲೇ ಇದ್ದವು. ವಸಡು ಮಾಡುವ ಪುಡಿಯನ್ನೇ ಕಲಸಿ ಎರೆದೆ. ಒಂದೇ ತೊಂದರೆ ಎಂದರೆ, ಹುಟ್ಟುವಾಗ ನನ್ನ ಸಿಪಾಯಿಗಳೆಲ್ಲ ವಸಡಿನ ಗುಲಾಬಿ ಬಣ್ಣದಲ್ಲಿ ಹುಟ್ಟುತ್ತಿದ್ದರು. ಈಗಷ್ಟೇ ಜಳಕ ಮಾಡಿಸಿದ ಕೂಸುಗಳ ಹಾಗೆ. ಬಣ್ಣ ಬಳಿದ ಮೇಲಷ್ಟೇ ಅವರಿಗೆ ಶೌರ್ಯ ಬರುತ್ತಿತ್ತು. ಎದುರಾಳಿಯಾಗಿ ಸಿಕ್ಕವನು ಮಸ್ಕಿಯ ಶರಣಪ್ಪ. ಬೀಜ, ಗೊಬ್ಬರದ ಅಂಗಡಿಯವನು. ಅಲ್ಲಿನ ದವಾಖಾನೆ ತೆರೆಯುವವರೆಗೆ ಅವನ ಅಂಗಡಿಯಲ್ಲಿ ಕೂರುತ್ತಿದ್ದ ನನ್ನ ಕೈಯಲ್ಲಿ ಒಂದು ಸಿಪಾಯಿ ಕಂಡು, "ಇದೇನ್ ಹಲ್ಲೋ, ಮನಷ್ಯಾನೋ?" ಎಂದು ಕೇಳಿದವನು ಮುಂದಿನ ಭಾನುವಾರವೇ ನಮ್ಮ ಮನೆಗೆ ಬಂದ. ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ಮಣ್ಣಿಗಾಗಿ ಹಿಂದೆ ದೊರೆಗಳು ಎಷ್ಟು ಸಲ ಕಾದಾಡಿದರೋ ಅದಕ್ಕಿಂತ ಹೆಚ್ಚು ಸಲ ನಾವಿಬ್ಬರು ಬಾಗಿಲು ಹಾಕಿಕೊಂಡು ಕಾದಾಡಿದ್ದೇವೆ. ಥರ್ಮಾಕೋಲಿನ ಮುದಗಲ್ಲ ಕೋಟೆ, ಭತ್ತದ ಹೊಟ್ಟು ಅಂಟಿಸಿದ ಬಯಲು. ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ಯಾಕೆಂದರೆ, ತಲೆ ನೆರೆಯುತ್ತಿರುವ ಗಂಡಸು ಗೊಂಬೆ ಆಡುತ್ತಾನೆಂದು ಓಣಿಯವರು ನಕ್ಕಾರು ಎಂಬ ಹೆದರಿಕೆಯಿಂದ.

ಇದರಲ್ಲೇನು ಸುಖ ಎಂದು ಸುಮಂಗಲಾ, ಅಂದರೆ ನನ್ನ ಹೆಂಡತಿ, ಬಹಳ ಸಲ ಕೇಳಿದ್ದಾಳೆ. ನಾನೂ ಯೋಚಿಸಿದ್ದೇನೆ. ಸಣ್ಣ ಮುಖಕ್ಕೆ ಕಣ್ಣು ಬರೆಯುವಾಗ ಉಸಿರು ತಾನಾಗಿ ನಿಲ್ಲುತ್ತದೆ, ಆ ಹೊತ್ತು ಬೇರೆ ಯಾವ ಚಿಂತೆಗೂ ಒಳಗೆ ಜಾಗವಿರುವುದಿಲ್ಲ. ನನ್ನ ಮಾತನ್ನು ಆಟೋದವನೂ ಕೇಳುವುದಿಲ್ಲ, ಇವರು ಇಟ್ಟಲ್ಲಿ ನಿಲ್ಲುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಹೆದರಿಕೆ ಎಂಬುದು ಅಲ್ಲಿ ಹೆಬ್ಬೆರಳುದ್ದವಿರುತ್ತದೆ. ಮೇಲಿನಿಂದ ಕಾಣುತ್ತದೆ. ಎಲ್ಲಿಂದ ಬರುತ್ತಿದೆ, ಎಷ್ಟು ದೂರದಲ್ಲಿದೆ ಎಂದು ಟೇಪು ಹಿಡಿದು ಅಳೆಯಬಹುದು. ನಿಜವಾದ ಹೆದರಿಕೆಗೆ ಟೇಪು ಹಿಡಿಯಲು ಬರುವುದಿಲ್ಲ ಎಂಬುದನ್ನು ನಾನು ಕಲಿತದ್ದು ಒಬ್ಬ ಸಿಪಾಯಿಯ ದೆಸೆಯಿಂದ.

ನಾವಿರುವುದು ಗೌರಮ್ಮನವರ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗೆ. ಅವರು ಕೆಳಗೆ ಇರುತ್ತಾರೆ. ಮಗ ಮಲ್ಲಣ್ಣ ಗೊರೇಬಾಳದಲ್ಲಿ ಭತ್ತದ ಗದ್ದೆ ನೋಡಿಕೊಂಡು ಅಲ್ಲಿಂದ ಬುಲೆಟ್ಟಿನಲ್ಲಿ ಬಂದು ಹೋಗುತ್ತಾನೆ. ಅವನ ಮುಂಗೈ ನನ್ನ ತೊಡೆಯಷ್ಟಿದೆ. ಒಂದು ಸಂಜೆ ತಲೆ ಮುರಿದ ಒಬ್ಬ ಸಿಪಾಯಿಯನ್ನು, ಆ ತಲೆಯ ಸಮೇತ, ಸರಿಮಾಡಲೆಂದು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಬಂದೆ. ಇನ್ನೂ ಗುಲಾಬಿ ಮೈ, ಎದೆಗೆ ಮಾತ್ರ ಕೆಂಪು ಬಳಿದಿದ್ದೆ. ಮೆಟ್ಟಿಲು ಹತ್ತುವ ಮೊದಲು ಗೌರಮ್ಮನವರ ಬಾಗಿಲ ಮುಂದೆ ಬಗ್ಗಿ ಚಪ್ಪಲಿ ಬಿಚ್ಚುವಾಗ ಮುಂಡವಷ್ಟೇ ಜಾರಿ ಬಿದ್ದದ್ದು ನನಗೆ ತಿಳಿಯಲಿಲ್ಲ. ಬೆಳಿಗ್ಗೆ ಕೆಳಗಿನಿಂದ ಒಂದು ಚೀರಾಟ ಕೇಳಿತು. ಹೊಸ್ತಿಲ ಪೂಜೆಗೆ ಬಂದ ಗೌರಮ್ಮನವರಿಗೆ, ನಿನ್ನೆಯ ಅರಿಸಿನ ಕುಂಕುಮದಲ್ಲಿ ಹೊರಳಿ ಮಲಗಿದ್ದ, ಮನುಷ್ಯರ ಮಾಂಸದ ಬಣ್ಣದ, ರುಂಡವಿಲ್ಲದ, ಎದೆಯಲ್ಲಿ ರಕ್ತವಿದ್ದ ಒಂದು ಗೊಂಬೆ ಸಿಕ್ಕಿತ್ತು.

"ಬಾನಾಮತಿ!" ಎಂದರು ಗೌರಮ್ಮನವರು, ಗೋಡೆ ಹಿಡಿದುಕೊಂಡು.

ನಮ್ಮ ಕಡೆ ಮಾಟಕ್ಕೆ ಹಾಗೆನ್ನುತ್ತಾರೆ. ಆ ಶಬ್ದವನ್ನು ಯಾರೂ ಜೋರಾಗಿ ಹೇಳುವುದಿಲ್ಲ, ಹೇಳಿದ ಮೇಲೆ ಯಾರೂ ಮರೆಯುವುದೂ ಇಲ್ಲ. ನಾನು ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡಿದೆ. 'ಅದು ನನ್ನದು' ಎಂದು ಎರಡೇ ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾಯಿ ಬಿಡುವಷ್ಟರಲ್ಲಿ ಮಲ್ಲಣ್ಣನ ಬುಲೆಟ್ಟಿನ ಸದ್ದು ಕೇಳಿತು. ಅವನು ಗೊಂಬೆಯನ್ನು ಕಡ್ಡಿಯಲ್ಲಿ ಎತ್ತಿ ನೋಡಿ, "ಇದನ್ನ ಮಾಡಿದವ್ರ ಕೈ ಮುರೀದಿದ್ರ ನಾ ಮಲ್ಲಣ್ಣ ಅಲ್ಲ" ಎಂದ. ನಾನು ನನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೇಲೆ ಹೋದೆ. ಹೊಟ್ಟೆಪಾಡಿಗೆ ಆ ಕೈಗಳು ಬೇಕಾಗಿದ್ದವು.

ಗೌರಮ್ಮನವರು ಅಂದಿನಿಂದ ಊಟ ಬಿಟ್ಟರು. ಎದೆಯಲ್ಲಿ ಏನೋ ಕೂತಂತಾಗುತ್ತದೆ, ಕಣ್ಣು ಮುಚ್ಚಿದರೆ ತಲೆಯಿಲ್ಲದವನು ಬರುತ್ತಾನೆ ಎನ್ನುತ್ತಿದ್ದರು. ಮಾಡಿಸಿದವರು ಯಾರು ಎಂಬ ಮಾತು ಎದ್ದಾಗ ಓಣಿಯ ಬಾಯಿಗೆ ಸಿಕ್ಕವಳು ಪಕ್ಕದ ಮನೆಯ ನೀಲಮ್ಮ. ಗಂಡ ತೀರಿಹೋದ ಮೇಲೆ ಜೋಳದ ರೊಟ್ಟಿ ಬಡಿದು ಮಾರಿ ಬದುಕುತ್ತಿರುವ ಹೆಂಗಸು. ಬಚ್ಚಲ ನೀರು ಹರಿಯುವ ವಿಷಯಕ್ಕೆ ಗೌರಮ್ಮನವರೊಂದಿಗೆ ಜಗಳವಾಗಿ ಮಾತು ಬಿಟ್ಟಿದ್ದಳು. ಅಷ್ಟು ಸಾಕಾಯಿತು. ದಿನವೂ ಅವಳ ಬಾಗಿಲಲ್ಲಿ ಕಾಯುತ್ತಿದ್ದ ಜನ ಮೆಲ್ಲಗೆ ಕಡಿಮೆಯಾದರು, ಆಮೇಲೆ ಯಾರೂ ಬರಲಿಲ್ಲ. ಬೆಳಗಿನ ರೊಟ್ಟಿಯ ಸಪ್ಪಳ ನಿಂತುಹೋಯಿತು. ಗೊಂಬೆ ಯಾರದೆಂದು ಬಲ್ಲ ಸುಮಂಗಲಾ ಮಾತ್ರ ಹಟ ಹಿಡಿದವಳಂತೆ ಅವಳಲ್ಲೇ ರೊಟ್ಟಿ ತಂದು ನನ್ನ ತಾಟಿಗೆ ಹಾಕುತ್ತಿದ್ದಳು, ಎದುರಿಗೆ ಕೂತು ನಾನು ತಿನ್ನುವುದನ್ನು ನೋಡುತ್ತಿದ್ದಳು. ನಾನು ಆ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಎಣ್ಣೆಗಾಯಿ ಇದ್ದರೂ ಬಿಟ್ಟು ಏಳುತ್ತಿದ್ದೆ.

"ಹೇಳ್ತೀನಿ, ಒಂದು ಒಳ್ಳೆ ಟೈಮ್ ನೋಡಿ ಹೇಳ್ತೀನಿ" ಎಂದೆ.

"ಪಂಚಾಂಗ ತರ್ಲೇನ್ರಿ?" ಎಂದಳು.

ಸಲಹೆಗೆಂದು ಮಸ್ಕಿಗೆ ಹೋದೆ. ಮೇಜಿನ ಮೇಲೆ ಹುಲಿಯಂತೆ ಆಡುವ ಶರಣಪ್ಪ ಕಥೆ ಕೇಳಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದ. "ಲೇ, ನನ್ನ ಹೆಸ್ರು ಎಲ್ಯಾರ ಹೇಳಿಗೀಳಿ ಮತ್ತ" ಎಂದ ಮೊದಲು. ಆಮೇಲೆ ಬಹಳ ಯೋಚಿಸಿ, "ಸೈನ್ಯ ಎಲ್ಲಾ ಒಂದು ಚೀಲದಾಗ ಹಾಕಿ ಕಾಲುವಿಗೆ ಬಿಟ್ಟುಬಿಡು" ಎಂದ. ನಾನು ಅದನ್ನೂ ಯೋಚಿಸಿದ್ದೆ. ಆದರೆ ಕಾಲುವೆಯ ನೀರು ಜವಳಗೇರಾದ ಕಡೆ ಯಾರ ಗದ್ದೆಗೆ ನುಗ್ಗುತ್ತದೋ, ಬಣ್ಣ ತೊಳೆದುಹೋದ ನೂರಾರು ಗುಲಾಬಿ ಗೊಂಬೆಗಳು ಯಾರ ನಾಟಿಯ ನಡುವೆ ತೇಲುತ್ತವೋ ಎಂದು ನೆನೆದು ಆ ಯೋಚನೆ ಬಿಟ್ಟಿದ್ದೆ. ಒಬ್ಬ ಸಿಪಾಯಿ ಒಂದು ಓಣಿಯನ್ನು ಹೆದರಿಸಿದ್ದ. ಇಡೀ ದಂಡು ಹೊರಟರೆ ತಾಲೂಕು ಉಳಿಯುತ್ತಿರಲಿಲ್ಲ.

ವಾಪಸು ಬಂದಾಗ ಓಣಿಯಲ್ಲಿ ಜನ ಸೇರಿದ್ದರು. ನಾನು ತಲೆ ತಗ್ಗಿಸಿ, ಗೋಡೆ ಸವರಿಕೊಂಡು ಮೆಟ್ಟಿಲು ಹತ್ತಿ ಮೇಲಿನಿಂದ ಇಣುಕಿದೆ. ನೀಲಮ್ಮನ ಬಾಗಿಲ ಮುಂದೆ, ರುಂಡವಿಲ್ಲದ ಆ ಗೊಂಬೆಯನ್ನು ಕಾಗದದಲ್ಲಿ ಹಿಡಿದು ಮಲ್ಲಣ್ಣ ನಿಂತಿದ್ದ. ಕಟ್ಟೆಯ ಮೇಲೆ ಗೌರಮ್ಮನವರು, ನಾನೇ ಮಾಡಿಕೊಟ್ಟ ಹಲ್ಲಿನ ಸೆಟ್ಟು ತೆಗೆದಿಟ್ಟ ಬಾಯಿ ಒಳಗೆ ಹೋಗಿ, ಒಂದೇ ವಾರದಲ್ಲಿ ಮುದುಕಿಯಾದವರಂತೆ ಕೂತಿದ್ದರು.

"ಲಿಂಗಸುಗೂರ ಕಡೆಯಿಂದ ಮಾಟ ಬಿಡಿಸಾವ ಒಬ್ಬಾತನ್ನ ಕರ್ಸೀನಿ. ನಾಳೆ ಬರ್ತಾನ. ಆತ ನಿನ್ನ ಹೆಸ್ರು ಹೇಳಿದ ಮ್ಯಾಲ ನಾ ಸುಮ್ನಿರಂಗಿಲ್ಲ. ಅದಕ್ಕಿಂತ ಮೊದ್ಲು ನೀನ ಒಪ್ಪಿಕೋ" ಎಂದ ಮಲ್ಲಣ್ಣ.

"ನಾ ರೊಟ್ಟಿ ಬಡಿಯಾಕಿ ಯಪ್ಪಾ. ಗೊಂಬಿ ಮಾಡಾಕ ನನಗೆಲ್ಲಿ ಪುರಸೊತ್ತೈತಿ?" ಎಂದಳು ನೀಲಮ್ಮ. ದನಿ ಗಟ್ಟಿಯಾಗಿತ್ತು. ಕೈ ಮಾತ್ರ ಬಾಗಿಲ ಚೌಕಟ್ಟನ್ನು ಬಿಡುತ್ತಿರಲಿಲ್ಲ. ಹೆದರಿದ ಕೈ ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಸಿಂಧನೂರಿನಲ್ಲಿ ಯಾರಿದ್ದಾರೆ?

ಸುಮಂಗಲಾ ಸಿಪಾಯಿಗಳ ಡಬ್ಬಿಯನ್ನು ತಂದು ನನ್ನ ಮುಂದೆ ಹಿಡಿದಳು. "ನೀವು ಇಳೀತೀರೋ, ನಾ ಇಳೀಲೋ?"

ಇಳಿದೆ. ಹೇಗೆ ಇಳಿದೆನೆಂದು ಕೇಳಬೇಡಿ. ನನ್ನ ಕೈಯ ನಡುಕಕ್ಕೆ ಡಬ್ಬಿಯೊಳಗಿನ ಸೈನ್ಯವೆಲ್ಲ ಕಟಕಟ ಎನ್ನುತ್ತಿತ್ತು. ಆ ಸದ್ದಿಗೇ ಜನ ದಾರಿ ಬಿಟ್ಟರು. ಮಲ್ಲಣ್ಣನ ಮುಂದೆ ನಿಂತು ಬಾಯಿ ತೆರೆದೆ, ಗಾಳಿ ಬಂತು. ಮತ್ತೆ ತೆರೆದೆ. "ಅದು ನಂದು" ಎಂದೆ. ಡಬ್ಬಿಯ ಮುಚ್ಚಳ ತೆಗೆದೆ. ಮುಂದಿದ್ದವರು ಒಂದೇ ಸಲ ಹಿಂದೆ ಸರಿದರು. ಒಂದಕ್ಕೆ ಹೆದರಿದವರ ಮುಂದೆ ಡಬ್ಬಿ ತುಂಬ ಇಟ್ಟರೆ ಇನ್ನೇನಾಗುತ್ತದೆ? ನಾನು ಗಡಬಡಿಸಿ ವಿವರಿಸತೊಡಗಿದೆ. ಇದು ಆಟ, ಇವರು ಸಿಪಾಯಿಗಳು, ಇದು ದಾಳ, ಇದು ಟೇಪು, ಮೈಗೆ ಬಳಸಿದ್ದು ಬರೀ ವಸಡಿನ ಪುಡಿ. ಧೈರ್ಯ ಹೇಳುವ ಭರದಲ್ಲಿ, "ನಿಮ್ಮ ಸೆಟ್ಟಿಗೆ ಹಾಕಿ ಉಳಿದದ್ದ ಪುಡಿ ಅವ್ವಾರ, ಬ್ಯಾರೇದಲ್ಲ" ಎಂದು ಗೌರಮ್ಮನವರಿಗೆ ಹೇಳಿದೆ.

ಗೌರಮ್ಮನವರು ಮಡಿಲಲ್ಲಿದ್ದ ಹಲ್ಲಿನ ಡಬ್ಬಿಯಿಂದ ತಮ್ಮ ಸೆಟ್ಟು ತೆಗೆದು, ಮಲ್ಲಣ್ಣನ ಕೈಯಲ್ಲಿದ್ದ ಮುಂಡದ ಪಕ್ಕ ಹಿಡಿದು ನೋಡಿದರು. ಅದೇ ಬಣ್ಣ. ಮುಖ ಬಿಳಿಚಿಕೊಂಡಿತು. "ಅಯ್ಯೋ ಶಿವನೇ! ನನ್ನ ಬಾಯಾಗಿನ ವಸಡಿನಿಂದನ ಗೊಂಬಿ ಮಾಡ್ಯಾನಲ್ಲೋ!"

ಮಲ್ಲಣ್ಣ ನನ್ನ ಅಂಗಿಯ ಕೊರಳಪಟ್ಟಿ ಹಿಡಿದ. ನಾನು ಕಣ್ಣು ಮುಚ್ಚಿದೆ. ಆಗ, ಅಂದಿನಿಂದ ಯಾರ ಕಣ್ಣಿಗೂ ಬೀಳದಂತೆ ಜೇಬಿನಲ್ಲೇ ಹೊತ್ತು ತಿರುಗುತ್ತಿದ್ದ ಮುರಿದ ತಲೆ ನೆನಪಾಗಿ, ಕಣ್ಣು ಮುಚ್ಚಿಕೊಂಡೇ ತೆಗೆದು ಕೊಟ್ಟೆ. ಅದಕ್ಕೆ ನಾನು ಆಗಲೇ ಮುಖ ಬರೆದಿದ್ದೆ, ಗಿರಿಜಾ ಮೀಸೆಯನ್ನೂ ಇಟ್ಟಿದ್ದೆ. ಮಲ್ಲಣ್ಣ ಅದನ್ನು ಅಂಗೈಯಲ್ಲಿಟ್ಟು ನೋಡಿದ. ನಂತರ ರುಂಡವನ್ನು ಮುಂಡದ ಮೇಲೆ ಕೂರಿಸಿದ. ಸರಿಯಾಗಿ ಕೂತಿತು. ನನ್ನ ಕೆಲಸದಲ್ಲಿ ಹೊಂದಿಕೆ ತಪ್ಪುವುದಿಲ್ಲ. "ಲೇ, ಇವ್ನ ಮೀಸಿ ನೋಡ್ರಲೇ" ಎಂದ ಮಲ್ಲಣ್ಣ. ಕೊರಳಪಟ್ಟಿ ಸಡಿಲವಾಯಿತು. ಮೀಸೆ ಇರುವವನು ಮಾಟದ ಗೊಂಬೆಯಾಗಲಾರ ಎಂದು ಅವನಿಗೆ ಹೇಗೆ ಹೊಳೆಯಿತೋ ಕಾಣೆ. ಜನ ನಕ್ಕರು. ಗೌರಮ್ಮನವರು ಎಲ್ಲರ ಮುಖ ನೋಡಿ, ಸೆಟ್ಟನ್ನು ಸೆರಗಿನಲ್ಲಿ ಒರೆಸಿ ಬಾಯಿಗೆ ಹಾಕಿಕೊಂಡರು.

ನೀಲಮ್ಮ ನಗಲಿಲ್ಲ. "ವೀರಭದ್ರಪ್ಪನಾರ" ಎಂದಳು. "ಇಷ್ಟು ದಿನ ನೀವು ಮ್ಯಾಲ ಇದ್ರಿ. ನನ್ನ ಮನಿಗೆ ಯಾರೂ ಬರಾಂಗಿಲ್ಲ ಅನ್ನೋದು ನಿಮಗ ಕಾಣಾಕತ್ತಿತ್ತು."

"ಕಾಣಾಕತ್ತಿತ್ತು" ಎಂದೆ.

"ಹಂಗಾದ್ರ ಈ ಆಟ ಏನೈತಿ, ಅದನ್ನ ಬಾಗ್ಲಾ ಹಾಕ್ಕೊಂಡು ಆಡಬ್ಯಾಡ್ರಿ. ಇಲ್ಲಿ ಅಂಗಳದಾಗ ಆಡ್ರಿ. ಎಲ್ಲಾರೂ ನೋಡ್ಲಿ. ಗೊಂಬಿ ಯಾರ್ದು ಅನ್ನೋದು ಎಲ್ಲಾರಿಗೂ ತಿಳೀಲಿ." ಇಷ್ಟು ಹೇಳಿ ಒಳಗೆ ಹೋದಳು.

ಭಾನುವಾರ ಗೌರಮ್ಮನವರ ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಹಲಗೆ ಹಾಕಿ ದಂಡು ಹೂಡಿದೆವು. ಅಪಾಯ ಕಳೆದಿದೆ ಎಂದು ಮೂರು ಸಲ ಫೋನಿನಲ್ಲಿ ಖಾತ್ರಿ ಮಾಡಿಕೊಂಡ ಮೇಲೆ ಶರಣಪ್ಪನೂ ಬಂದ. ನಕ್ಕಾರು ಎಂದು ನಾನು ವರ್ಷಗಟ್ಟಲೆ ಹೆದರಿದ್ದ ಜನ ಮೊದಲು ನಕ್ಕರು, ನಿಜ. ಆದರೆ ಎರಡನೆಯ ದಾಳ ಬೀಳುವಷ್ಟರಲ್ಲಿ ಹೊರಸಿನ ಸುತ್ತ ಬಗ್ಗಿದ್ದರು. "ಆ ಕುದ್ರಿಯವ್ನ ಎಡಕ್ಕ ಹೊಡ್ಸು!" ಎಂದು ಒಬ್ಬ, "ಕೋಟಿ ಹಿಂದ ಖಾಲಿ ಐತಿ, ಕಣ್ಣು ಕಾಣಂಗಿಲ್ಲೇನು?" ಎಂದು ಇನ್ನೊಬ್ಬ. ಮಲ್ಲಣ್ಣ ಶರಣಪ್ಪನ ಕೈಯಿಂದ ದಾಳ ಕಿತ್ತುಕೊಂಡು ತಾನೇ ಉರುಳಿಸಿದ, ಒಂದು ಬಿದ್ದಾಗ ಮೀಸೆಯ ಸಿಪಾಯಿ ಸತ್ತದ್ದಕ್ಕೆ ನಿಜವಾಗಿ ಮರುಗಿದ. ಗದ್ದೆ, ಬಡ್ಡಿ, ನೀರಿನ ಸರದಿ ಎಂದು ವಾರವೆಲ್ಲ ಉಸಿರು ಬಿಗಿಹಿಡಿದಿದ್ದವರು ಅಂದು ಹೆಬ್ಬೆರಳುದ್ದದ ಗಂಡಾಂತರಕ್ಕೆ ಉಸಿರು ಬಿಗಿಹಿಡಿದರು. ಸೋತವನೂ ಚಹಾ ಕುಡಿದ. ನನ್ನ ಹೆಂಡತಿಯ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ನನ್ನಲ್ಲಿಲ್ಲ.

ನೀಲಮ್ಮನಲ್ಲಿ ಮತ್ತೆ ಜನ ರೊಟ್ಟಿಗೆ ನಿಂತರು. ಗೌರಮ್ಮನವರು ಅವಳೊಂದಿಗೆ ಇನ್ನೂ ಮಾತಾಡುವುದಿಲ್ಲ, ಆದರೆ ಬಚ್ಚಲ ನೀರಿಗೆ ಹೊಸ ಕೊಳವೆ ಹಾಕಿಸಿದ್ದಾರೆ. ಒಂದು ಭಾನುವಾರ ಆಟದ ನಡುವೆ ನೀಲಮ್ಮ ಹಿಟ್ಟಿನ ಕೈಯಲ್ಲೇ ಬಂದು ಹೊರಸಿನ ಬಳಿ ನಿಂತಳು. ಬಹಳ ಹೊತ್ತು ನೋಡಿ, "ಇದರಾಗ ನೀವು ಯಾರ್ರಿ?" ಎಂದು ಕೇಳಿದಳು.

ಕೋಟೆಯ ಹಿಂದೆ, ಎಲ್ಲ ಸಾಲುಗಳ ಹಿಂದೆ, ಡೇರೆಯ ನೆರಳಲ್ಲಿ ಕತ್ತಿ ಎತ್ತಿ ನಿಂತಿದ್ದ ಸೇನಾಪತಿಯನ್ನು ತೋರಿಸಿದೆ.

"ಹೌದ್ರಿ, ಗುರ್ತ ಸಿಕ್ತು" ಎಂದಳು ನೀಲಮ್ಮ. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಜನವೆಲ್ಲ ನಕ್ಕಿತು, ಸುಮಂಗಲಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮುಂದಿನ ವಾರ ನಾನು ಯಾರಿಗೂ ಹೇಳದೆ ಸೇನಾಪತಿಯನ್ನು ತಂದು ಮೊದಲ ಸಾಲಿನ ಎಲ್ಲರಿಗಿಂತ ಮುಂದೆ ನಿಲ್ಲಿಸಿದೆ. ಮಲ್ಲಣ್ಣನ ಮೊದಲ ದಾಳಕ್ಕೇ ಸತ್ತ. ಆ ಕ್ಷಣ ಟೇಪು ನನ್ನ ಕೈಯಿಂದ ಬಿತ್ತು. ಈಗ ಮತ್ತೆ ಡೇರೆಯ ನೆರಳಿನಲ್ಲೇ ನಿಲ್ಲಿಸುತ್ತಿದ್ದೇನೆ. ಹಿಂದಿನಷ್ಟು ಹಿಂದೆ ಅಲ್ಲ, ಒಂದು ಬೆರಳು ಮುಂದೆ.