ಕಮಲಾಪುರದಲ್ಲಿ ಕೊಲೆ, ಮೋಮಿನಪುರದಲ್ಲಿ ತೀರ್ಪು

ಹಳೆಯ ರೆಕಾರ್ಡು ಹುಡುಕಲು ಹೊರಟವರಿಗೆ ರೆಕಾರ್ಡು ಸಿಗುವುದು ಅಪರೂಪ, ಫಜೀತಿ ಮಾತ್ರ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ನಮ್ಮ ಮನೆಯಲ್ಲಿ ಮುನ್ನೂರ ಹನ್ನೊಂದು ರೆಕಾರ್ಡುಗಳಿವೆ. ಕೊಂಡವರು ಯಜಮಾನರು, ವಹಿ ಇಟ್ಟವಳು ನಾನು. ಆ ಕಾಲಕ್ಕೇ ಬಿ.ಎ. ಮಾಡಿದವಳು. ಯಾವುದು ಎಲ್ಲಿ ಸಿಕ್ಕಿತು, ಯಾವ ಹಾಡಿನ ಎಷ್ಟನೇ ಸಾಲಿಗೆ ಗೀರು ಬಿದ್ದಿದೆ, ಎಲ್ಲ ಬರೆದಿಟ್ಟಿದ್ದೇನೆ. ಮಕ್ಕಳಿಗೆ ಹಲ್ಲು ಬಂದ ದಿನಗಳೂ ಅದೇ ವಹಿಯ ಹಿಂದಿನ ಪುಟದಲ್ಲಿವೆ.

ಬೇಕಾದದ್ದು ಒಂದು ಮಾತ್ರ ಇರಲಿಲ್ಲ. ಮದುವೆಗೆ ಮೊದಲು ಯಜಮಾನರು ಎರಡು ವರ್ಷ ನಾಟಕ ಕಂಪನಿಯಲ್ಲಿದ್ದರು. ಆ ಕಂಪನಿಯ ಒಂದು ನಾಟಕ ಎರಡು ಪ್ಲೇಟುಗಳ ರೆಕಾರ್ಡಾಗಿ ಬಂದಿತ್ತು. "ಅದ್ರಾಗ ನಂದು ಮುಖ್ಯ ಪಾತ್ರ" ಎಂದು ಅವರು ಹೇಳುವುದನ್ನು ನಲವತ್ತು ವರ್ಷ ಕೇಳಿದ್ದೇನೆ, ಪಾತ್ರ ಕೇಳಿರಲಿಲ್ಲ.

ಹೋದ ವರ್ಷ ಗಂಟಲಿನ ಕ್ಯಾನ್ಸರ್ ಎಂದು ಡಾಕ್ಟರರು ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದರು. "ಮೊಬೈಲ್‌ನಾಗ ಅಪ್ಪನ ದನಿ ಅದ ಅಲ್ಲಮ್ಮಾ" ಎಂದಳು ಮಗಳು. ಇದೆ. ಎಲ್ಲ ಕಾಯಿಲೆಯ ಗೊಗ್ಗರು ದನಿ, ಅದರಲ್ಲೂ ಅರ್ಧ "ಹಲೋ, ಕೇಳಸ್ತದೇನು" ಎಂಬುದೇ. ಈ ವರ್ಷ ರೋಗ ಮರಳಿ ಬಂದಿದೆ ಎಂದು ತಿಳಿದ ದಿನ ಅವರು ಪಾಟಿಯ ಮೇಲೆ ಬಳಪದಿಂದ ಬರೆದರು: "ಆ ರೆಕಾರ್ಡ್ ಹುಡುಕು. ನಾ ಹೋದಮ್ಯಾಲ ಜಡ್ಡಿನ ದನಿ ಕಿವ್ಯಾಗ ಇಟ್ಕೊಂಡು ಕುಂದ್ರಬ್ಯಾಡ."

ಹುಡುಕಲು ಹೊರಟೆ.

ಗೋಡೆಯ ತುಂಬ

ಶಹಾಬಜಾರದ ಒಂದು ಗಲ್ಲಿಯಲ್ಲಿ ಹಳೆ ರೆಕಾರ್ಡುಗಳು ರಾಶಿ ಇವೆ ಎಂದು ಸುದ್ದಿ ಬಂತು. ಇದ್ದದ್ದು ನಿಜ. ಗೋಡೆಯ ತುಂಬ ಇದ್ದವು, ಒಂದೊಂದರ ಎದೆಗೂ ಮುಳ್ಳು ಸಿಗಿಸಿಕೊಂಡು. ಅಂಗಡಿಯವನು ರೆಕಾರ್ಡುಗಳನ್ನು ಗಡಿಯಾರ ಮಾಡಿ ಮಾರುತ್ತಿದ್ದ. ಎಲ್ಲಿ ನಮ್ಮದಕ್ಕೂ ಮುಳ್ಳು ಬಿದ್ದಿದೆಯೋ ಎಂದು, ಈ ಮೊಣಕಾಲಿನಲ್ಲಿ ಸ್ಟೂಲು ಹತ್ತಿ ಒಂದೊಂದರ ಲೇಬಲ್ಲೂ ಓದಿದೆ. ನಮ್ಮದಿರಲಿಲ್ಲ.

ಇಳಿಯುತ್ತ, ಸುಮ್ಮನೆ ಕೇಳಿದೆ: "ಇವುಗಳದು ದನಿ ಬರ್ತದೇನಪಾ?"

"ಬರ್ತದ್ರಿ ಅಮ್ಮಾ, ಟಿಕ್ ಟಿಕ್ ಅಂತದ. ಕಿರಿಕಿರಿ ಆದ್ರ ಹಿಂದ ಮಷಿನ್ ಅದ, ಅದನ್ನ ಕಿತ್ತು ಒಗದುಬಿಡ್ರಿ. ಗ್ವಾಡಿಗೆ ಛಂದಾಗಿ ಸುಮ್ನ ಕುಂತಿರ್ತದ."

ನಮ್ಮ ಡಾಕ್ಟರರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು.

ತೀರಿಹೋದ ಮಾವ

ಒಂದು ಕಲ್ಯಾಣ ಮಂಟಪದಲ್ಲಿ ಹಳೆ ಸಾಮಾನುಗಳ ಮೇಳ ನಡೆದಿತ್ತು. ಕನ್ನಡಕ ಏರಿಸಿ, ಬಗಲಿಗೆ ವಹಿ ಇಟ್ಟುಕೊಂಡು ಹೋದೆ. ಮೊದಲ ಟೇಬಲ್ಲಿನಲ್ಲಿ ಒಂದು ರೆಕಾರ್ಡು ತಿರುವಿ ನೋಡಿ ಎರಡು ಸಾಲು ಬರೆದುಕೊಂಡೆ. ಮೂರನೇ ಟೇಬಲ್ಲಿಗೆ ಬರುವಷ್ಟರಲ್ಲಿ ಮುಂದಿನವರೆಲ್ಲ ಸಾಮಾನಿನ ಮೇಲೆ ಚಾದರ ಎಳೆದಿದ್ದರು. ಸರಕಾರದ ಯಾರೋ ಸಾಹೇಬರು ತಪಾಸಣೆಗೆ ಬಂದಿದ್ದಾರೆ ಎಂದು ಗುಲ್ಲೆದ್ದಿತ್ತು.

"ಮೇಡಂ, ಇವು ನಮ್ಮವಲ್ರಿ, ನಮ್ಮ ಮಾವಂದು" ಎಂದ ಒಬ್ಬ, ಕೈಮುಗಿದು.

"ಎಲ್ಲಿದ್ದಾರ ನಿಮ್ಮ ಮಾವ?"

"ತೀರಿಹೋಗ್ಯಾರ್ರಿ."

ಹಿಂದಿನಿಂದ ಚಹಾದ ಕಪ್ಪು ಹಿಡಿದು ಬಂದ ಮುದುಕರು, "ಯಾರು ಹೋದ್ರೋ?" ಎಂದರು. ಅವರೇ ಮಾವ.

ನಾನು ಅಧಿಕಾರಿಯಲ್ಲ, ಹೆಂಡತಿ ಎಂದು ತಿಳಿಸಿ ಹೇಳಿದ ಮೇಲೆ ಆ ತೀರಿಹೋದ ಮಾವನೇ ಚಾದರದ ಕೆಳಗೆ ಕೈಯಾಡಿಸಿ ನಮ್ಮ ನಾಟಕದ ಕವರ್ ತೆಗೆದುಕೊಟ್ಟರು. ಒಳಗೆ ಏನೂ ಇಲ್ಲ. ಮೋಮಿನಪುರದ ಮೈಕ್‌ಸೆಟ್ಟಿನವರು ಬರೀ ಕವರನ್ನೇ ಮಾರಿದ್ದರಂತೆ.

ಮನೆಯಲ್ಲಿ ಕವರಿನ ಮೇಲಿನ ಪಾತ್ರಧಾರಿಗಳ ಪಟ್ಟಿಯನ್ನು ಎರಡು ಸಲ ಓದಿದೆ. "ನಿಮ್ಮ ಹೆಸರೆಲ್ಲಿ ಅದರೀ?"

ಯಜಮಾನರು ಕೊನೆಯ ಸಾಲಿನ "ಮತ್ತಿತರರು" ಎಂಬುದರ ಮೇಲೆ ಹೆಮ್ಮೆಯಿಂದ ಬೆರಳಿಟ್ಟರು. ಆಮೇಲೆ ಕವರನ್ನು ಬೋರಲು ಮಾಡಿ ಕೊಡವಿ ನೋಡಿ, ಪಾಟಿ ಎಳೆದುಕೊಂಡರು: "ಮ್ಯಾಲಿನ ಚೀಲ ಉಳದದ, ಒಳಗಿನ ದನಿ ಹೋಗ್ಯದ. ಥೇಟ್ ನನ್ನಂಗ."

ಪಾಲು

ಮೋಮಿನಪುರದ ಮೈಕ್‌ಸೆಟ್ಟಿನ ಅಂಗಡಿಯಲ್ಲಿ ಗಡ್ಡ ನರೆತ ಮಾಲೀಕರು ಕುರ್ಚಿ ಒರೆಸಿ ಕೊಟ್ಟರು. "ಬೈಠೋ ಆಪಾ. ಯಾವ್ದು ಬೇಕು? ಮದುವೆದೋ, ಮಣ್ಣಿಂದೋ? ಎರಡೇ ಥಪ್ಪಿ ಅವ ನಮ್ಮಲ್ಲಿ."

"ನಾಟಕದ್ದು."

"ಅದು ಮಣ್ಣಿನ ಥಪ್ಪಿನಾಗ ಅದ. ಹೆಣ ಕುಂದ್ರಿಸಿದಮ್ಯಾಲ ಪರಊರಿನ ಬೀಗರು ಬರೋತನಕ ಮಂದಿಗೆ ಹೊತ್ತು ಹೋಗ್ಬೇಕಲ್ಲ!"

ನಾಟಕ ಸಿಕ್ಕಿತು. ಎರಡನೇ ಪ್ಲೇಟು ಮಾತ್ರ. ಯಜಮಾನರ ದನಿ ಇರುವುದು ಮೊದಲನೆಯದರಲ್ಲಿ.

"ಮೊದಲ್ನೇದು ಕಮಲಾಪುರದಾಗ ತಮ್ಮನ ಕಡೆ ಅದ" ಎಂದರು. ಅಣ್ಣತಮ್ಮಂದಿರು ಬೇರೆಯಾದಾಗ ಪಂಚರು ಕೂತು ಆಂಪ್ಲಿಫಾಯರ್ ಒಬ್ಬನಿಗೆ, ಹಾರ್ನು ಒಬ್ಬನಿಗೆ ಎಂದು ಸರಿಸಮ ಪಾಲು ಮಾಡಿದ್ದರು. ನಾಟಕದ ಪ್ಲೇಟು ಎರಡಿದ್ದವು, ಒಬ್ಬೊಬ್ಬನಿಗೆ ಒಂದೊಂದು ಕೊಟ್ಟರು. ಕವರ್ ಒಂದೇ ಇತ್ತು. ಅದರ ಸಲುವಾಗಿ ಮೂರು ದಿನ ಜಗಳವಾಗಿ, ಕೊನೆಗೆ ಇಬ್ಬರಿಗೂ ಬೇಡವೆಂದು ಮಾರಿದ್ದರು. ಅಂದಿನಿಂದ ಮಾತಿಲ್ಲ.

"ಮೂವತ್ತು ವರ್ಷ ಆತು ಆಪಾ. ಕಮಲಾಪುರದಾಗ ಕೊಲೆ ಆಗ್ತದ, ಇಲ್ಲಿ ಮೋಮಿನಪುರದಾಗ ಜಜ್ಜ ಸಾಹೇಬ್ರು ತೀರ್ಪು ಕೊಡ್ತಾರ. ಯಾರನ್ನ ಕೊಂದ್ರು ಅಂತ ನಮ್ಮ ಗಿರಾಕಿಗಳಿಗೆ ಇವತ್ತಿಗೂ ಗೊತ್ತಿಲ್ಲ, ನನಗೂ ಮರ್ತುಹೋಗ್ಯದ."

ಕಮಲಾಪುರ

ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಕಮಲಾಪುರದ ತಮ್ಮ ಈಗ ಕೆಂಪು ಬಾಳೆಹಣ್ಣು ಮಾರುತ್ತಾನೆ. ಅಣ್ಣನ ಹೆಸರು ಎತ್ತಿದ ಕೂಡಲೇ ಮುಖ ತಿರುಗಿಸಿದ. ಯಜಮಾನರ ಸ್ಥಿತಿ ಹೇಳಿ, ಡಾಕ್ಟರರು ಕೊಟ್ಟಿರುವುದು ತಿಂಗಳುಗಳ ಲೆಕ್ಕ ಎಂದಾಗ ಎದ್ದು, ಹಣ್ಣಿನ ಬುಟ್ಟಿಗಳ ಹಿಂದಿನಿಂದ ಪ್ಲೇಟು ತಂದು, ತನ್ನ ಟವೆಲ್ಲಿನಲ್ಲೇ ಸುತ್ತಿ ಕೊಟ್ಟ.

"ದುಡ್ಡು ಬ್ಯಾಡ್ರಿ ಅಮ್ಮಾ, ಒಂದು ಮಾತು ಕೊಡ್ರಿ. ನಮ್ಮಣ್ಣಗ ಇದನ್ನ ಕೇಳಸಬಾರ್ದು. ಸತ್ತವರು ಯಾರಂತ ನೆನಪಾಗಲಾರದೇ ಸಾಯ್ಲಿ ಅಂವ."

ಪಕ್ಕದ ಮನೆಯವರು

ನಮ್ಮ ಮನೆ ಐವಾನ್-ಎ-ಶಾಹಿ ಕಡೆ. ಪಕ್ಕದ ಮನೆಗೆ ಹೊಸದಾಗಿ ಬಂದ ಹೆಂಗಸು, ನಾವು ಬಾಯಿಯವರು ಎಂದು ಕರೆಯುವವರು, ಯಜಮಾನರ ದನಿಯನ್ನು ಒಮ್ಮೆಯೂ ಕೇಳಿದವರಲ್ಲ. ಅವರು ಬರುವಷ್ಟರಲ್ಲಿ ಆಪರೇಶನ್ ಆಗಿಹೋಗಿತ್ತು.

ಸಂಜೆ ನಾಲ್ಕಕ್ಕೆ ಪ್ಲೇಟು ಹಾಕಿದೆ. ಸ್ಪಷ್ಟವಾಗಿ ಕೇಳಲಿ ಎಂದು ಮಗಳು ದೊಡ್ಡ ಸ್ಪೀಕರು ಜೋಡಿಸಿದ್ದಳು. ಗೌಡ ಗದರಿದ, ಗೌಡತಿ ಅತ್ತಳು, ಬಾಗಿಲು ಕಿರುಗುಟ್ಟಿತು. ಯಜಮಾನರು ಕೈ ಎತ್ತಿದರು, ಈಗ ನಂದು ಎನ್ನುವಂತೆ.

"ಅಯ್ಯಯ್ಯೋ, ಸತ್ನೆಪ್ಪೋ!"

ಅಷ್ಟೇ ಪಾತ್ರ. ಒಳಗೆ ಬರುವುದು, ಸಾಯುವುದು. ಆದರೆ ಎಂಥ ದನಿ! ಮದುವೆಯ ದಿನ ಚಪ್ಪರದಲ್ಲಿ ನನ್ನ ಹೆಸರು ಹೇಳಿದಾಗಿನ ಅದೇ ಗಂಟೆಯಂಥ ದನಿ. ಮರುಕ್ಷಣ ಸೂಜಿ ಗೀರಿನಲ್ಲಿ ಸಿಕ್ಕಿತು. "ಸತ್ನೆಪ್ಪೋ! ಸತ್ನೆಪ್ಪೋ! ಸತ್ನೆಪ್ಪೋ!"

ಸೂಜಿ ಎತ್ತಬೇಕಾದವಳು ನಾನು. ಕೈ ಏಳಲಿಲ್ಲ. ಯಜಮಾನರು ಸದ್ದಿಲ್ಲದೆ ನಗುತ್ತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು. ಮಗಳು ಒಳಗೆ ಓಡಿದಳು.

ಬಾಗಿಲು ದೂಡಿಕೊಂಡು ಪಕ್ಕದ ಬಾಯಿಯವರು ಬಂದು ನನ್ನನ್ನು ತಬ್ಬಿ ಅಳತೊಡಗಿದರು. "ಧೈರ್ಯ ತಗೋರಿ ಅಕ್ಕಾರ! ಹೋಗೋ ಟೈಮಿಗೆ ಹೋದ ದನಿ ತಿರುಗಿ ಬರ್ತದಂತ ನಮ್ಮತ್ತಿ ಹೇಳ್ತಿದ್ರು. ನಮ್ಮವರು ಹೂವಿನ ಮಾಲಿ ತರ್ಲಾಕ ಹೋಗ್ಯಾರ."

ಅವರ ಹೆಗಲನ್ನು ಯಾರೋ ಮೆಲ್ಲಗೆ ತಟ್ಟಿದರು. ತಿರುಗಿದರೆ ಯಜಮಾನರು, ಕೈಯಲ್ಲಿ ನೀರಿನ ಲೋಟ ಹಿಡಿದು. ಬಾಯಿಯವರು ಚೀರಿ ಸೋಫಾದ ಮೇಲೆ ಬಿದ್ದರು. ಆ ನೀರು ಅವರ ಮುಖಕ್ಕೇ ಬೇಕಾಯಿತು.

ಆಗ ನಾನು ಸೂಜಿ ಎತ್ತಿದೆ. ಅವರಿಗೆ ಎಚ್ಚರವಾದ ಮೇಲೆ ಎಲ್ಲ ವಿವರಿಸಿದೆ. ಅವರು ಇನ್ನೂ ತಿರುಗುತ್ತಿದ್ದ ಪ್ಲೇಟನ್ನೂ ಯಜಮಾನರನ್ನೂ ನೋಡಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಕಾಲು ಮಡಚಿ ಸರಿಯಾಗಿ ಕೂತರು.

"ಎಷ್ಟು ಛಂದ ದನಿ ಇತ್ತಲ್ರೀ ನಿಮ್ಮವರದು! ಹೆಂಗೂ ನಮ್ಮವರು ಮಾಲಿ ತಗೊಂಡು ಬರ್ತಾರ, ಅವರೂ ಕೇಳ್ಲಿ. ಇನ್ನೊಮ್ಮೆ ಸಾಯಸ್ರಿ ಅಕ್ಕಾರ."