ಜೋಳದಾಗ ಮಲಗಿದ್ದ ಬಾಟ್ಲಿ

ಯಾವ ವಸ್ತುವಿಗೂ ನನಗೂ ಸಂಬಂಧವಿಲ್ಲವೋ ಅದೇ ನನ್ನ ಮನೆ ಹುಡುಕಿಕೊಂಡು ಬರುತ್ತದೆ. ಸೈಕಲ್ ಹತ್ತಲು ಬಾರದ ನನಗೆ ಲಕ್ಕಿ ಡ್ರಾದಲ್ಲಿ ಮೋಟರ್ ಸೈಕಲ್ ಬಂತು. ಒಂದು ಸಾಲು ನೆಟ್ಟಗೆ ಹಾಡಲು ಬಾರದ ನನ್ನನ್ನು ಭಜನಾ ಮಂಡಳಿಗೆ ಅಧ್ಯಕ್ಷನನ್ನಾಗಿ ಮಾಡಿದರು. ಹೀಗಿರುವಾಗ, ಲಿಂಗಪೂಜೆ ಆಗದೆ ಚಹಾ ಸಹ ಮುಟ್ಟದ ನಾನು ಒಂದು ವರ್ಷ ಪೂರ್ತಿ ಒಂದು ವೈನ್ ಬಾಟಲಿಯನ್ನು ಕಾಯ್ದೆನೆಂದರೆ ನನ್ನನ್ನು ಬಲ್ಲವರು ಯಾರೂ ಆಶ್ಚರ್ಯಪಡುವುದಿಲ್ಲ.

ಹಳೇ ಮಾಲು

ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ನನ್ನದೊಂದು ದಲಾಲಿ ಅಂಗಡಿ ಇದೆ. ಮನೆ ಹಾವೇರಿ ಹತ್ತಿರದ ಹಳ್ಳಿಯಲ್ಲಿ. ಒಂದು ಸುಗ್ಗಿಯಲ್ಲಿ, ನಮ್ಮ ಕಾಯಿಯಿಂದ ಬಣ್ಣ ತೆಗೆಯುವ ಕಂಪನಿಯೊಂದರ ಪರವಾಗಿ ಫ್ರಾನ್ಸಿನಿಂದ ಒಬ್ಬ ಸಾಹೇಬರು ಬಂದರು. ಅವರ ಮಾತನ್ನು ನಮಗೆ, ನಮ್ಮ ಮಾತನ್ನು ಅವರಿಗೆ ತಿಳಿಸಲು ರಾಣೆಬೆನ್ನೂರಿನ ಏಜೆಂಟನೊಬ್ಬ ಜೊತೆಗಿದ್ದ. ಅಂಗಡಿಯ ಮೆಟ್ಟಿಲೇರುವಾಗ ಸೀನತೊಡಗಿದ ಸಾಹೇಬರು ವ್ಯಾಪಾರ ಮುಗಿಯುವವರೆಗೂ ನಿಲ್ಲಿಸಲಿಲ್ಲ.

ಹೊರಡುವಾಗ ನಾನು ಶಾಲು ಹೊದಿಸಿ, ಚಲೋ ಕಾಯಿಯ ಒಂದು ಸಣ್ಣ ಚೀಲ ಕೊಟ್ಟೆ. ಅವರು ತಮ್ಮ ಕೈಚೀಲದಿಂದ ದಪ್ಪ ಹಸಿರು ಗಾಜಿನ ಒಂದು ಬಾಟಲಿ ತೆಗೆದು ಎರಡೂ ಕೈಯಿಂದ ನನ್ನ ಕೈಗಿಟ್ಟರು. ಕಣ್ಣಲ್ಲಿ ನೀರಿತ್ತು. ನಮ್ಮ ಅಂಗಡಿಗೆ ಬಂದವರೆಲ್ಲರ ಕಣ್ಣಲ್ಲೂ ನೀರಿರುವುದರಿಂದ ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

"ಇದು ಗುಳ್ಳಿ ಏಳೋ ವೈನ್ ರೀ," ಎಂದ ಏಜೆಂಟ್. "ತಂಪು ಜಾಗಾದಾಗ, ಕತ್ತಲಾಗ, ಅಡ್ಡ ಮಲಗಿಸಿ ಇಡ್ರಿ. ಅಲ್ಲಾಡಿಸಬ್ಯಾಡ್ರಿ. ವಾಸನಿ ಇರೋ ಕಡೆ ಇಡಬ್ಯಾಡ್ರಿ. ಮುಂದಿನ ಸುಗ್ಗಿಗೆ ಬರ್ತಾರಂತ. ಇಬ್ಬರೂ ಕೂಡೇ ತೆಗಿಯೂಣು ಅನ್ನಾಕತ್ತಾರ."

ನಾನು ಕುಡಿಯುವವನಲ್ಲ ಎಂದು ಆಗಲೇ ಹೇಳಬೇಕಿತ್ತು. ಎರಡೂ ಕೈಯಿಂದ ಕೊಡುವವರ ಮುಂದೆ ನಾಲಿಗೆ ಹೊರಳಲಿಲ್ಲ. ಮುಂದಿನ ವರ್ಷ ಹೇಗೆ ಹೇಳಲಿ, ಹೇಳಿದರೆ ಆ ಮನುಷ್ಯನ ಮನಸ್ಸು ಮುರಿದೀತೇ ಎಂಬ ಚಿಂತೆ ಅಂದಿನಿಂದಲೇ ಶುರುವಾಯಿತು.

"ಇದು ಮೂವತ್ತು ವರ್ಷದ ಹಳೇದ್ರಿ," ಎಂದು ಏಜೆಂಟ್ ಮೆಲ್ಲಗೆ ಹೇಳಿದ.

"ಯಾಕಪ್ಪ, ಹೊಸಾದು ಸಿಗಲಿಲ್ಲೇನು?"

"ಹಳೇದಾದಷ್ಟೂ ಕಿಮ್ಮತ್ತು ಜಾಸ್ತಿ ರೀ ಇದಕ್ಕ."

ನಮ್ಮಲ್ಲಿ ಹೋದ ವರ್ಷದ ಕಾಯಿ ಬಣ್ಣ ಕಳೆದುಕೊಂಡು ಮೂಲೆ ಸೇರುತ್ತದೆ. ಅದನ್ನು ಕೇಳುವವರೇ ಇಲ್ಲ. ಬಾಗಿಲ ಬಳಿ ನಿಂತು ಎಲ್ಲ ಕೇಳುತ್ತಿದ್ದ ನಮ್ಮ ಹಿರಿಯ ಹಮಾಲ ನನ್ನ ಕಿವಿಯ ಹತ್ತಿರ ಬಂದ. "ಸಾವ್ಕಾರ್ರ, ಹೋಗಗೊಡಬ್ಯಾಡ್ರಿ ಅವರನ್ನ. ಒಳಗ ಬಿದ್ದೈತಲ್ಲ ನಮ್ಮ ಹಳೇ ಮಾಲು, ಅದನ್ನೂ ತೋರಸ್ರಿ!"

ಹಾವು

ತಂಪು, ಕತ್ತಲೆ, ಅಲ್ಲಾಟವಿಲ್ಲ, ಕೆಟ್ಟ ವಾಸನೆಯಿಲ್ಲ. ನಮ್ಮ ಮನೆಯಲ್ಲಿ ಇಂಥ ಜಾಗ ಒಂದೇ, ದೇವರ ಕೋಣೆ. ನಾನು ಆ ಕಡೆ ನೋಡಿದ್ದಷ್ಟೇ. "ಕಾಲು ಮುರೀತೇನಿ," ಎಂದರು ನಮ್ಮ ಮನೆಯವರು. ಯಾರ ಕಾಲು ಎಂದು ನಾನು ಕೇಳಲಿಲ್ಲ.

ಕೊನೆಗೆ ಅವರೇ ದಾರಿ ತೋರಿಸಿದರು. ಜೋಳದ ದೊಡ್ಡ ಡ್ರಮ್ಮಿನಲ್ಲಿ, ಮೊಳಕೈ ಆಳದಲ್ಲಿ, ಬಾಟಲಿಯನ್ನು ಅಡ್ಡ ಮಲಗಿಸಿ ಮೇಲೆ ಜೋಳ ಎಳೆದರು. ನಮ್ಮ ಅವ್ವನಿಗೆ ಹೇಳಲಿಲ್ಲ. ಅವಳಿಗೆ ಹೇಳುವುದೂ ಊರ ಬಾವಿಕಟ್ಟೆಯಲ್ಲಿ ಡಂಗುರ ಹೊಡೆಸುವುದೂ ಒಂದೇ.

ತಿಂಗಳೊಪ್ಪತ್ತಿನಲ್ಲಿ ಅವ್ವ ಗಿರಣಿಗೆ ಕಳಿಸಲೆಂದು ಜೋಳ ತೆಗೆಯಲು ಹೋದಳು. ಕೈ ಒಳಗೆ ಹಾಕಿದಾಗ ತಣ್ಣಗಿನ, ನುಣ್ಣಗಿನ, ದಪ್ಪನೆಯದು ಏನೋ ತಾಕಿತು. "ಹಾವೋ! ಹಾವೋ!" ಎಂದು ಚೀರಿ ಅಂಗಳಕ್ಕೆ ಬಂದಳು. ಓಣಿಯೆಲ್ಲ ಬಡಿಗೆ ಹಿಡಿದು ಸೇರಿತು. ಅದು ಹಾವಲ್ಲವೆಂದು ನನಗೂ ಮನೆಯವರಿಗೂ ಗೊತ್ತು. ಆದರೆ ಮತ್ತೇನು ಎಂದು ಅಷ್ಟು ಜನರೆದುರು ಹೇಳುವಂತಿಲ್ಲ. "ಇರಲಿ ಬಿಡ್ರಿ, ಅದರ ಪಾಡಿಗೆ ಅದು ಹೋಕ್ಕತಿ," ಎಂದೆ. "ತಮ್ಮಾ, ನಿನಗ ತಲಿ ಕೆಟ್ಟೈತೇನು?" ಎಂದಳು ಅವ್ವ.

ಯಾರೋ ಫೋನ್ ಮಾಡಿ ಪಕ್ಕದ ಊರು ಅಗಡಿಯಿಂದ ಹಾವು ಹಿಡಿಯುವವನನ್ನು ಕರೆಸಿದರು. ಆಸಾಮಿ ಧೈರ್ಯವಂತ. ಹೊತ್ತು ಮುಳುಗಿದ ಮೇಲೆ ಮಾತ್ರ ಹಾವು ಹಿಡಿಯುವುದಿಲ್ಲ. ಆ ಹೊತ್ತಿಗೆ ಆತ ಎಲ್ಲಿರುತ್ತಾನೆ, ಏನು ಕುಡಿಯುತ್ತಿರುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಡ್ರಮ್ಮನ್ನು ಅಂಗಳಕ್ಕೆ ಎಳೆಸಿ, ಜನರನ್ನು ಹಿಂದಕ್ಕೆ ಸರಿಸಿ, ಕೊಕ್ಕೆಯಿಂದ ಜೋಳ ಸರಿಸಿ, ಕುತ್ತಿಗೆ ಸಿಕ್ಕ ಕೂಡಲೇ ಗಬಕ್ಕನೆ ಹಿಡಿದು ಮೇಲೆತ್ತಿದ.

ಬಂಗಾರದ ಕಾಗದ ಸುತ್ತಿದ ಬಾಟಲಿ ಬಿಸಿಲಿಗೆ ಮಿಂಚಿತು. ಇಡೀ ಓಣಿ ಮೊದಲು ಬಾಟಲಿಯನ್ನು, ಆಮೇಲೆ ನನ್ನ ಹಣೆಯ ವಿಭೂತಿಯನ್ನು ನೋಡಿತು.

ಆತ ನನ್ನನ್ನು ಕನಿಕರದಿಂದ ನೋಡಿ ಹೇಳಿದ: "ಅಣ್ಣಾರ, ಹಾವಾಗಿದ್ರ ಚಲೋ ಇತ್ತಲ್ರಿ."

ಮಡ್ಡಿ

ಸುದ್ದಿ ಮಠ ಮುಟ್ಟಿತು. ಮುಂದೆ ಪಾದಪೂಜೆಗೆಂದು ಮನೆಗೆ ಬಂದ ಮಠದ ಸ್ವಾಮಿಗಳು, ನಮ್ಮ ಅಜ್ಜಾರು, ಪ್ರಸಾದ ಮುಗಿಸಿ, "ಎಲ್ಲೈತಪಾ ಅದು? ತಾ," ಎಂದರು.

ತಂದು ಮುಂದಿಟ್ಟೆ. ಪರರು ನಂಬಿ ಇಟ್ಟ ವಸ್ತು, ನಾನು ಮುಟ್ಟುವುದಿಲ್ಲ, ಕಾಯುವುದಷ್ಟೇ ನನ್ನ ಕೆಲಸ ಎಂದೆ. ಅಜ್ಜಾರು ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇಷ್ಟು ತಿಳಿ ಹೆಂಗ ಆಕ್ಕತಿ?" ಎಂದು ಕೇಳಿದರು.

ಏಜೆಂಟ್ ಹೇಳಿದ್ದನ್ನು ಒಪ್ಪಿಸಿದೆ. ನೆಲಮಾಳಿಗೆಯ ಕತ್ತಲಲ್ಲಿ ಬಾಟಲಿಯನ್ನು ತಲೆಕೆಳಗು ಮಾಡಿಡುತ್ತಾರೆ. ದಿನಾ ಒಬ್ಬ ಬಂದು ಒಂದಿಷ್ಟೇ ತಿರುಗಿಸಿ ಹೋಗುತ್ತಾನೆ. ಹೀಗೆ ಮಾಡುತ್ತ ಹೋದಂತೆ ಒಳಗಿನ ಮಡ್ಡಿಯೆಲ್ಲ ಬಾಯಿಗೆ ಬಂದು ಕೂಡುತ್ತದೆ. ಅದನ್ನು ಹೊರಗೆ ಹಾಕಿ, ಹೊಸ ಬಿರಡೆ ಬಡಿದು, ಮತ್ತೆ ವರ್ಷಗಟ್ಟಲೆ ಮಲಗಿಸುತ್ತಾರೆ.

ಅಜ್ಜಾರು ತಲೆದೂಗಿದರು. "ನೋಡಪಾ, ಕತ್ತಲಾಗ ಮೌನದಿಂದ ಇದ್ದು ತನ್ನ ಮಡ್ಡಿ ಎಲ್ಲ ಬಾಯಿಗೆ ತಂದು ಹೊರಗ ಹಾಕೇತಿ ಇದು. ನೀ ಇಷ್ಟು ವರ್ಷ ಪೂಜಿ ಮಾಡೀದಿ. ನಿನ್ನ ಮಡ್ಡಿ ಎಲ್ಲೀತನಕ ಬಂದೈತಿ?"

ಅಡಿಗೆಮನೆಯ ಬಾಗಿಲಿನಿಂದ ನಮ್ಮ ಮನೆಯವರು ವಿನಯದಿಂದ ಉತ್ತರ ಕೊಟ್ಟರು: "ಬಾಯಿತನಕ ದಿನಾ ಬರತೈತ್ರಿ ಅಜ್ಜಾರ. ಹೊರಗ ಹಾಕೂದು ನನ್ನ ಮ್ಯಾಲ."

ಕೂಸು

ಬೇಸಿಗೆ ಏರಿತು. ಡ್ರಮ್ಮಿನ ಜೋಳವೇ ಬೆಚ್ಚಗಾಗತೊಡಗಿದಾಗ, ಬ್ಯಾಡಗಿಯಲ್ಲಿ ಕಾಯಿ ಇಡುವ ಕೋಲ್ಡ್ ಸ್ಟೋರೇಜೇ ಗತಿ ಎಂದುಕೊಂಡೆ. ಅಲ್ಲಾಡಬಾರದೆಂದು ಬಾಟಲಿಯನ್ನು ಸಣ್ಣ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಬಸ್ಸಿನಲ್ಲಿ ಕೂತೆ. ಗುಂಡಿ ಬಂದಾಗಲೆಲ್ಲ ಎರಡೂ ಕೈಯಿಂದ ಎದೆಗೆ ಅವಚಿಕೊಳ್ಳುತ್ತಿದ್ದೆ.

ಪಕ್ಕದಲ್ಲಿದ್ದ ಮುದುಕಿಗೆ ಕರುಳು ಚುರುಕ್ಕೆಂದಿತು. "ಗಂಡಸಾಗಿ ಎಷ್ಟು ಚಂದ ಹಿಡಕೊಂಡೀಯೋ ತಮ್ಮಾ! ಎಷ್ಟು ತಿಂಗಳದ್ದು?"

ಬೆಳಿಗ್ಗೆ ಪೂಜೆ ಮಾಡಿ ಬಂದ ಬಾಯಿ, ಸುಳ್ಳು ಹೇಳಲಾಗಲಿಲ್ಲ. "ಮೂವತ್ತು ವರ್ಷದ್ದು ಬೇ," ಎಂದೆ.

ಮುದುಕಿ ಎದ್ದು ಹಿಂದಿನ ಸೀಟಿಗೆ ಹೋದಳು.

ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ತಂಪು, ಕತ್ತಲೆ, ಅಲ್ಲಾಟವಿಲ್ಲದ ಜಾಗ ಎಲ್ಲ ಒಪ್ಪಿದ. ಘಾಟು ಇರಬಾರದು ಎಂದಾಗ ಮಾತ್ರ ಪೆನ್ನು ಕೆಳಗಿಟ್ಟ. "ಸಾವ್ಕಾರ್ರ, ಘಾಟಿಲ್ಲದ ಜಾಗಾ ಬ್ಯಾಡಗಿಯೊಳಗ ನಾನೂ ಹುಡುಕಾಕತ್ತೇನ್ರಿ. ಸಿಕ್ಕರ ಮೊದಲ ನಾ ಹೋಗಿ ಮಲಕೋತೇನಿ, ಆಮ್ಯಾಲ ನಿಮ್ಮ ಬಾಟ್ಲಿ."

ಬಿರಡೆ ತೆಗೆದ ದಿನ

ಸುಗ್ಗಿ ತಿರುಗಿ ಬಂತು, ಸಾಹೇಬರೂ ಬಂದರು. ಘಾಟಾದರೂ ಇರಲಿ ಎಂದು ಕೋಲ್ಡ್ ಸ್ಟೋರೇಜಿನ ಮೂಲೆಯಲ್ಲೇ ಮಲಗಿಸಿದ್ದ ಬಾಟಲಿಯನ್ನು ಹಿಂದಿನ ದಿನವೇ ಮನೆಗೆ ತಂದಿದ್ದೆ. ರೊಟ್ಟಿ, ಎಣ್ಣೆಗಾಯಿ ಊಟವಾಯಿತು. ಸಾಹೇಬರು ಬಿರಡೆಗೆ ಬಿಗಿದಿದ್ದ ತಂತಿ ಬಿಚ್ಚತೊಡಗಿದರು.

ಬಿರಡೆ ಗುಂಡಿನಂತೆ ಹಾರುತ್ತದೆಂದು ಏಜೆಂಟ್ ಮೊದಲೇ ಹೆದರಿಸಿದ್ದ. ಅವ್ವ ಕಂಬದ ಹಿಂದೆ ನಿಂತಳು. ನಮ್ಮ ಮನೆಯವರು ಹಿಟ್ಟು ನಾದುವ ಹಿತ್ತಾಳೆಯ ಪರಾತವನ್ನು ಮುಖಕ್ಕೆ ಅಡ್ಡ ಹಿಡಿದರು. ಸಾಹೇಬರು ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನೇ ಮೆಲ್ಲಗೆ ತಿರುಗಿಸಿದರು. ನಿದ್ದೆಯಲ್ಲಿ ಕೂಸು ಉಸಿರುಬಿಟ್ಟಂತೆ "ಹುಸ್" ಎಂದಿತು, ಅಷ್ಟೇ. "ಇಷ್ಟಕ್ಕ ಒಂದು ವರ್ಷ?" ಎಂದಳು ಅವ್ವ ಕಂಬದ ಹಿಂದಿನಿಂದ.

ಗಾಜಿನ ಲೋಟಕ್ಕೆ ಒಂದಿಷ್ಟು ಸುರಿದು ನನ್ನ ಮುಂದಿಟ್ಟರು. ಏಜೆಂಟ್ ತಿಳಿಸಿದ: "ಕಾಯಿ ಮುರಿದು ಮೂಸಿದ್ರ ಯಾವ ಹೊಲದ್ದಂತ ಹೇಳ್ತೀರಲ್ರಿ, ಹಂಗ ಇದನ್ನ ನೋಡಿ ಹೇಳ್ರಿ ಅಂತಾರ."

ನೋಡುವುದಕ್ಕೆ ದೋಷವಿಲ್ಲ. ಹಳೆಯ ತುಪ್ಪದ ಬಣ್ಣ. ತಳದಿಂದ ಗುಳ್ಳೆಗಳು ನೂಲು ತೆಗೆದಂತೆ ಒಂದೇ ಎಳೆಯಾಗಿ ಏರುತ್ತಿದ್ದವು. ಕಿವಿ ಹತ್ತಿರ ಹಿಡಿದೆ. ಮಳೆ ನಿಂತ ಮೇಲೆ ಮೇವಿನ ಬಣವೆಯೊಳಗೆ ಕೇಳುವಂಥ ಸಣ್ಣ ಸದ್ದು. ಮೂಗಿಗೆ ಹಿಡಿದೆ. ಹುರಿದ ಹಿಟ್ಟು, ಅದರ ಹಿಂದೆ ಹಳೇ ಬೆಲ್ಲ, ಅದರ ಹಿಂದೆ ಮಾಗಿದ ಬಾರಿಹಣ್ಣು. ಕಂಡದ್ದನ್ನು ಕಂಡಂತೆ ಹೇಳಿದೆ. ಸಾಹೇಬರು ಕಣ್ಣು ಮುಚ್ಚಿ ತಲೆಯಾಡಿಸಿದರು. ಆಮೇಲೆ ಕಣ್ಣು ತೆರೆದು ನನ್ನನ್ನೇ ನೋಡುತ್ತ ಕೂತರು; ನಾನು ಕುಡಿಯಲೆಂದು ಕಾಯುತ್ತಿದ್ದಾರೆ ಎನಿಸಿತು.

ಇನ್ನು ತಪ್ಪಿಸುವಂತಿರಲಿಲ್ಲ. ಲೋಟ ಕೆಳಗಿಟ್ಟು ಕೈಮುಗಿದೆ. "ತಪ್ಪು ತಿಳೀಬ್ಯಾಡ್ರಿ. ನಾ ಕುಡಿಯಂಗಿಲ್ಲ. ಹೋದ ವರ್ಷನ ಹೇಳಬೇಕಿತ್ತು, ಬಾಯಿ ಬರಲಿಲ್ಲ."

ಏಜೆಂಟ್ ಅದನ್ನು ಹೇಳಿದ ಮೇಲೆ ಸಾಹೇಬರು ನಗತೊಡಗಿದರು. ನಗುನಗುತ್ತಲೇ ಏನೋ ಉದ್ದಕ್ಕೆ ಹೇಳಿದರು. ಏಜೆಂಟ್ ಗಂಟಲು ಸರಿ ಮಾಡಿಕೊಂಡ. "ಅವರೂ ಕುಡಿಯಂಗಿಲ್ಲಂತ್ರಿ. ಡಾಕ್ಟರ್ ಬಂದ್ ಮಾಡ್ಯಾರ. ಇದು ಮಗಳು ಹುಟ್ಟಿದ ವರ್ಷದ್ದು, ಚೆಲ್ಲಾಕ ಮನಸ್ಸಿಲ್ಲ. ಮನ್ಯಾಗಿದ್ರ ಒಂದಿನ ಕುಡೀತೇನಿ ಅಂತ ಅಂಜಿಕಿ. ದೋಸ್ತರ ಕಡೆ ಕೊಟ್ರ ಒಂದ ಸಂಜಿಗೆ ಮುಗಸ್ತಾರ. ಅದಕ್ಕ ನಿಮ್ಮ ಹಣಿ ಮ್ಯಾಲಿನ ವಿಭೂತಿ ನೋಡಿ, ಇವರು ಕುಡೀತಾರೇನಂತ ನನಗ ಕೇಳಿದ್ರು. ಸತ್ತರೂ ಮುಟ್ಟೂದಿಲ್ಲ ಅಂದೆ. ಆಮ್ಯಾಲ ಕೊಟ್ರು."

"ಒಂದು ವರ್ಷ ನನ್ನ ನಿದ್ದಿ ಹಾಳಾತಲ್ಲೋ! ಅವಾಗನ ಹೇಳಾಕ ಏನಾಗಿತ್ತು ನಿನಗ?"

"ನೀವು ಕೇಳಲಿಲ್ಲಲ್ರಿ."

ಆ ದಿನ ಸಾಹೇಬರ ಕಣ್ಣಲ್ಲಿದ್ದ ನೀರು ನಮ್ಮ ಮೆಣಸಿನಕಾಯಿಯದಲ್ಲ ಎಂದು ಈಗ ತಿಳಿಯಿತು. ಅವರಿಗೆ ಬೇಕಾಗಿದ್ದುದು ಒಂದು ಸಲ ಆ "ಹುಸ್" ಕೇಳುವುದು, ಒಂದು ಸಲ ಮೂಸುವುದು; ಅದೂ ಕುಡಿಯಲು ನಾಚಿಕೆಯಾಗುವಂಥ ಮನೆಯಲ್ಲಿ ಕೂತು. ಉಳಿದದ್ದನ್ನು ಯಾರಾದರೂ ಪ್ರೀತಿಯಿಂದ ಕುಡಿದರೆ ನೋಡಿ ಸಂತೋಷಪಡುತ್ತೇನೆ ಎಂದರು. ನಾವೆಲ್ಲ ಏಜೆಂಟನ ಕಡೆ ನೋಡಿದೆವು. "ಇವತ್ತು ಸೋಮವಾರ ರೀ, ನಾ ಮುಟ್ಟಂಗಿಲ್ಲ," ಎಂದ.

ಪರಾತ ಕೆಳಗಿಟ್ಟ ನಮ್ಮ ಮನೆಯವರೇ ನಿರ್ಣಯ ಕೊಟ್ಟರು: "ಹಾವಿನವನ್ನ ಕರೀರಿ. ಅವಗ ಇದರ ಋಣ ಐತಿ."

ಆತ ಕೊಕ್ಕೆ, ಚೀಲ ಹಿಡಿದು ಓಡುತ್ತ ಬಂದ. "ಎಲ್ಲೈತ್ರಿ?"

"ಹೋದ ವರ್ಷದ್ದ," ಎಂದು ಲೋಟ ತೋರಿಸಿದೆ.

ಕೊಕ್ಕೆಯನ್ನು ಗೋಡೆಗೆ ಆನಿಸಿ, ಚಪ್ಪಲಿ ದೂರ ಬಿಟ್ಟು, ಕಾಲು ಮಡಚಿ ಕೂತ. ಒಂದು ಗುಟುಕು ಕುಡಿದ. ಬೆಚ್ಚಿಬಿದ್ದ. ಒಂದು ಸೀನು ಸೀನಿದ. ಸಾಹೇಬರು ಅವನ ಬಾಯಿಯ ಹತ್ತಿರವೇ ಬಗ್ಗಿ, ಹೇಗಿದೆ, ಹೇಗಿದೆ ಎಂದು ಕೈಸನ್ನೆ ಮಾಡಿದರು.

"ಜೀವ ಐತ್ರಿ ಇದರಾಗ!" ಎಂದ ಆತ. "ನಾಲಿಗಿ ಮ್ಯಾಲ ಸುಮ್ಮನ ಮಲಕೋತೈತಿ. ಸತ್ತೈತಿ ಅನ್ನೂದ್ರಾಗ ಮೂಗಿನ್ಯಾಗ ಹೆಡಿ ಎತ್ತತೈತಿ!"

ಅದನ್ನು ಏಜೆಂಟ್ ಹೇಳಿದಾಗ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಂದೊಂದು ಗುಟುಕಿಗೂ ಅವನ ಮುಖ ನೋಡಿ ತಾವೇ ನುಂಗಿದಂತೆ ಗಂಟಲು ಆಡಿಸಿದರು. ಬಾಟಲಿ ಮುಗಿಯಿತು. ಸಾಹೇಬರು ಬಿರಡೆಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು, ಮಗಳಿಗೆ ಕೊಡಲಂತೆ. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಹಾವು ಹಿಡಿಯುವವನು ಕೊಕ್ಕೆಯನ್ನು ಊರುಗೋಲು ಮಾಡಿಕೊಂಡು ಹೊಸ್ತಿಲ ತನಕ ಹೋದ. ಅಲ್ಲಿ ನಿಂತು, ತಿರುಗಿ ನನಗೆ ನಮಸ್ಕಾರ ಮಾಡಿದ.

"ಅಣ್ಣಾರ, ಖರೇ ಹಾವು ಬಂದ್ರ ಬ್ಯಾರೇದವರಿಗೆ ಹೇಳ್ರಿ. ಇಂಥಾದ್ದು ಬಂದ್ರ ಮಾತ್ರ ನನ್ನ ಕರೀರಿ. ಹೊತ್ತು ಮುಳುಗಿದಮ್ಯಾಲೂ ಬರ್ತೇನಿ."